ಉಳಿದ ತುಂಡುಗಳು

ಸುಮಾರು 5,000 ಗಂಡಸರುಳ್ಳ ಜನಸಮೂಹವು ತೃಪ್ತಿಹೊಂದಿದ ಮೇಲೆ, ಉಳಿದ ತುಂಡುಗಳನ್ನು ಕೂಡಿಸುವಂತೆ ಕರ್ತನು ಶಿಷ್ಯರಿಗೆ ಅಪ್ಪಣೆಕೊಟ್ಟನು. 12 ಪುಟ್ಟಿಗಳು ತುಂಬಿದವು. ರೊಟ್ಟಿಯನ್ನು ಹೆಚ್ಚಿಸಬಲ್ಲಾತನೇ ತುಂಡನ್ನು ಹೀಗೆ ಲಕ್ಷಿಸಿರಲು, ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಮದುವೆಗಳಲ್ಲಿ ಅನ್ನಸಾರುಗಳು ಎಲೆಯೊಡನೆ ತಿಪ್ಪೆಗೆ ಬೀಳುವದೇಕೆ? ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಪುಷ್ಯ ಮಾಸದ ವರೆಗೂ ಮಳೆಯನ್ನೇ ನಂಬಿ ಹೊಲದಲ್ಲಿ ನಿಲ್ಲುತ್ತದೆ. ಆರು ತಿಂಗಳ ಆ ದುಡಿಮೆಯ ಬೇಳೆಯನ್ನು ಅರೆಗಳಿಗೆಯಲ್ಲಿ ಚೆಲ್ಲುತ್ತೇವೆ. ಊಟಕ್ಕೆ ಮಾಡಿದ ಸಾಲವಾದರೋ ವರುಷಗಟ್ಟಲೆ ಮನೆಯಲ್ಲಿ ಕುಳಿತಿರುತ್ತದೆ. ವಿಶ್ವಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಲೋಕದೊಳಗೆ ವ್ಯರ್ಥವಾದ ಆಹಾರವು 100 ಕೋಟಿ ಟನ್ನಿಗೂ ಮಿಗಿಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದ್ದೇ. ಗಾಳಿಯಾಡದೆ ಕೊಳೆತ ಅನ್ನದಿಂದ ಏಳುವ ಮೀಥೇನ್ ವಾಯುವು ಭೂಮಿಯ ಬಿಸಿಯನ್ನು ಹೆಚ್ಚಿಸುತ್ತದೆ. ಆದಕಾರಣ ಬೇಡಿದಷ್ಟೇ ಬಡಿಸೋಣ. ಮುಟ್ಟದೆ ಉಳಿದದ್ದನ್ನು (ಹಳಸಿದ್ದನ್ನಲ್ಲ!) ಪಂಕ್ತಿ ಏಳುತ್ತಲೇ ಬೇರೆ ಪಾತ್ರೆಗೆ ತೆಗೆದು, ಶಹಾಬಾದ ವಾಡಿಗಳಲ್ಲಿ ಕಲ್ಲು ಒಡೆದು ಬಂದವರ ಮನೆಗಳಿಗೆ ಬಿಸಿಯಿರುವಾಗಲೇ ಮುಟ್ಟಿಸೋಣ.