ಆಟಕ್ಕಿಲ್ಲ, ಲೆಕ್ಕಕ್ಕುಂಟು

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಈಗ ನಾವು ಹೆಸರಿಗಷ್ಟೇ ಇರುವ ಪದಾಧಿಕಾರಿಗಳ ಬಗ್ಗೆ, ಮನೆಯಲ್ಲಿ ಯಾರೂ ಮಾತು ಕೇಳದ ಹಿರಿಯರ ಬಗ್ಗೆ ಬಳಸುತ್ತೇವೆ. ಆದರೆ ಮಕ್ಕಳ ಆಟದಲ್ಲಿ ಈ ಮಾತಿಗೆ ಬಹಳ ಮರ್ಯಾದೆಯ ಅರ್ಥವಿದೆ. ದೊಡ್ಡವರು ಲಗೋರಿ ಆಡುವಾಗ ನಾಲ್ಕು ವರ್ಷದ ತಂಗಿ ಅಳುತ್ತಾ ಬಂದು ನಿಂತರೆ ಅವಳನ್ನೂ ಸೇರಿಸಿಕೊಳ್ಳಬೇಕು. ಅವಳು ಓಡಬಹುದು, ಕೂಗಬಹುದು, ಚೆಂಡು ತಾಗಿದರೂ ಅವಳು ಔಟಲ್ಲ. ಆಡಬೇಕು ಎನ್ನುವವರಿಗೆ ಆಟದಲ್ಲಿ ಜಾಗ ಮಾಡಿಕೊಡಬೇಕು ಎಂಬ ಧರ್ಮವನ್ನು ಮಕ್ಕಳು ಯಾರ ಉಪದೇಶವೂ ಇಲ್ಲದೆ ಕಂಡುಕೊಂಡಿದ್ದಾರೆ.

ಆದರೆ ಆಡುವುದಿಲ್ಲ ಎನ್ನುವವರನ್ನು ಏನು ಮಾಡಬೇಕು? ಇದಕ್ಕೆ ಮಕ್ಕಳ ಬಳಿಯೂ ಉತ್ತರವಿಲ್ಲ, ನಮ್ಮಂಥ ಶಿಕ್ಷಕರ ಬಳಿಯೂ ಇದ್ದಂತಿಲ್ಲ. 28 ವರ್ಷಗಳಿಂದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಹಕ್ಕು ಮತ್ತು ಕರ್ತವ್ಯಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆಟ ಹಕ್ಕೋ ಕರ್ತವ್ಯವೋ ಎಂಬ ಪ್ರಶ್ನೆ ಮಾತ್ರ ಪಠ್ಯಪುಸ್ತಕದಿಂದ ಬರಲಿಲ್ಲ. ಎಂಟನೆಯ ತರಗತಿಗೆ ಸೇರಿದ ಒಬ್ಬ ಹುಡುಗನಿಂದ ಬಂತು.

ಅವನಿಗೆ ಆಟಿಸಂ ಇತ್ತು. ಅವನ ತಾಯಿ ರವಿಕೆ ಹೊಲಿದು ಸಂಸಾರ ತೂಗಿಸುವವರು. ದಾಖಲಾತಿಯ ದಿನವೇ ವೈದ್ಯರ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದರು. ಪಾಠದಲ್ಲಿ ತೊಂದರೆ ಬರಲಿಲ್ಲ. ತೊಂದರೆ ಬಂದದ್ದು ಸಂಜೆಯ ಆಟದ ಅವಧಿಯಲ್ಲಿ. ಖೋ ಖೋ ಅಂಕಣದ ಹತ್ತಿರ ಕರೆದರೆ ಅವನ ಕಾಲು ಮುಂದೆ ಬರುತ್ತಿರಲಿಲ್ಲ. ಬಲವಂತ ಮಾಡಿದರೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದ. ಸೋಮಾರಿ ಎನ್ನೋಣವೆಂದರೆ, ಮೈದಾನ ಖಾಲಿಯಾದ ಮೇಲೆ ಒಬ್ಬನೇ ಐದಾರು ಸುತ್ತು ಓಡುತ್ತಿದ್ದ. ಆಟ ಗೊತ್ತಿಲ್ಲ ಎನ್ನೋಣವೆಂದರೆ, ಖೋ ಖೋದ ನಿಯಮಗಳನ್ನೆಲ್ಲ ಗಿಣಿಯ ಹಾಗೆ ಒಪ್ಪಿಸುತ್ತಿದ್ದ.

ಆಟಿಸಂ ಎಂಬುದಕ್ಕೆ ನಮ್ಮ ಪತ್ರಿಕೆಗಳು ‘ಸ್ವಲೀನತೆ’ ಎಂಬ ಪದವನ್ನು ಬಳಸುತ್ತವೆ. ತನ್ನಲ್ಲೇ ಲೀನವಾಗಿರುವುದು ಎಂದು ಅರ್ಥ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದ ಆಟಿಸಂ ಎಂಬ ಹೆಸರು ಇಂಥ ಮಕ್ಕಳಿಗೆ ಅಂಟಿಕೊಂಡಿತು. ಆ ಹೆಸರಿನ ಮೂಲದಲ್ಲೂ ‘ತಾನು’ ಎಂಬ ಅರ್ಥವೇ ಇರುವುದರಿಂದ ನಮ್ಮ ಅನುವಾದ ತಪ್ಪೇನಲ್ಲ. ಆದರೆ ಪದವೊಂದು ಕಣ್ಣಿಗೆ ಕನ್ನಡಕವಾಗಿಬಿಡುತ್ತದೆ. ಸ್ವಲೀನ ಎಂದೊಡನೆ, ಈ ಮಗುವಿಗೆ ಬೇರೆಯವರು ಬೇಕಾಗಿಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಆಟಕ್ಕೆ ಬರದಿದ್ದರೆ, ‘ಅವನಿಗೆ ಜನ ಕಂಡರಾಗದು’ ಎಂದು ಷರಾ ಬರೆಯುತ್ತೇವೆ. ನಮ್ಮ ಹುಡುಗನಿಗೆ ಜನ ಬೇಕಿತ್ತು. ಊಟದ ಹೊತ್ತಿನಲ್ಲಿ ದಿನವೂ ಇಬ್ಬರು ಗೆಳೆಯರ ಪಕ್ಕದಲ್ಲೇ ತಟ್ಟೆ ಹಿಡಿದು ಕೂರುತ್ತಿದ್ದ. ಅವನಿಗೆ ಬೇಡವಾಗಿದ್ದದ್ದು ಅಂಕಣ.

ಒಂದು ದಿನ ಬಿಡುವಿನ ವೇಳೆಯಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಗೋಡೆ ನೋಡಿ ಹೇಳಿದ: “ಖೋ ಕೊಡೋರು ಹಿಂದಿಂದ ಬರ್ತಾರೆ ಮಿಸ್. ಯಾವಾಗ ಮುಟ್ತಾರೆ ಅಂತ ಗೊತ್ತಾಗಲ್ಲ. ಮುಟ್ಟೋವರೆಗೂ ಬೆನ್ನು ಉರೀತಿರುತ್ತೆ.”

ಖೋ ಖೋ ಆಟವನ್ನು ಒಮ್ಮೆ ಅವನ ಬೆನ್ನಿನಿಂದ ನೋಡಿ. ಅಟ್ಟಿಸಿಕೊಂಡು ಹೋಗುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಸಾಲಾಗಿ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂರಬೇಕು. ಒಂಬತ್ತನೆಯವನು ಓಡುತ್ತಾ ಬಂದು ಹಿಂದಿನಿಂದ ಮುಟ್ಟಿ ‘ಖೋ’ ಎಂದು ಕೂಗುತ್ತಾನೆ. ಆ ಕ್ಷಣವೇ ಎದ್ದು ಓಡಬೇಕು. ಅನಿರೀಕ್ಷಿತವಾದ ಮುಟ್ಟುವಿಕೆ, ಕಿವಿಯ ಬಳಿಯಲ್ಲೇ ಕೂಗು, ತಕ್ಷಣದ ನಿರ್ಧಾರ, ಸುತ್ತ ನೂರು ಮಕ್ಕಳ ಗದ್ದಲ, ನಡುನಡುವೆ ಸೀಟಿ. ಆಟಿಸಂ ಇರುವ ಅನೇಕರಿಗೆ ಶಬ್ದ, ಬೆಳಕು, ಸ್ಪರ್ಶಗಳು ನಮಗಿಂತ ಬೇರೆಯಾಗಿ ತಟ್ಟುತ್ತವೆ. ನಮಗೆ ತಟ್ಟಿದಂತಿರುವ ಕೈ ಅವರಿಗೆ ಬಡಿದಂತಿರಬಹುದು. ಕಬಡ್ಡಿಯಲ್ಲಂತೂ ದಾಳಿಗೆ ಹೋದವನ ಮೇಲೆ ನಾಲ್ಕಾರು ಬೆವರಿದ ಮೈಗಳು ಒಮ್ಮೆಲೇ ಬೀಳುತ್ತವೆ. ಅದೇ ಆ ಆಟದ ಸೊಗಸು. ಅದೇ ಇನ್ನೊಬ್ಬನಿಗೆ ನರಕ.

ಮೈಯ ಮಾತು ಇಷ್ಟಾದರೆ ಮನಸ್ಸಿನದು ಬೇರೆ ಇದೆ. ತಂಡದ ಆಟವೆಂದರೆ ಏಕಕಾಲಕ್ಕೆ ಹತ್ತಾರು ಮನಸ್ಸುಗಳನ್ನು ಓದುವುದು. ಯಾರು ಎತ್ತ ತಿರುಗುತ್ತಾರೆ, ಯಾರ ಕಣ್ಸನ್ನೆಗೆ ಏನರ್ಥ, ಯಾರು ಬೇಕೆಂದೇ ಸುಳ್ಳು ಹೆಜ್ಜೆ ಇಡುತ್ತಿದ್ದಾರೆ, ಇದೆಲ್ಲ ರೆಪ್ಪೆ ಬಡಿಯುವುದರೊಳಗೆ ತಿಳಿಯಬೇಕು. ಜೊತೆಗೆ ಆಟಿಸಂ ಇರುವ ಹಲವು ಮಕ್ಕಳಿಗೆ ಚೆಂಡು ಹಿಡಿಯುವ, ಕೈಕಾಲುಗಳನ್ನು ಹೊಂದಿಸಿಕೊಳ್ಳುವ ಕೆಲಸವೇ ಕಷ್ಟ. ಇನ್ನು ಪುಸ್ತಕದಲ್ಲಿ ಬರೆದ ನಿಯಮಗಳ ಹಿಂದೆ ಬರೆಯದ ನಿಯಮಗಳಿರುತ್ತವೆ. ಬೀದಿಯ ಕ್ರಿಕೆಟ್ಟಿನಲ್ಲಿ ಬ್ಯಾಟಿನ ಒಡೆಯ ಮೊದಲ ಎಸೆತಕ್ಕೆ ಔಟಾಗುವುದಿಲ್ಲ ಎಂಬುದನ್ನು ಯಾವ ಪುಸ್ತಕದಲ್ಲಿ ಓದುವುದು? ಇಬ್ಬರು ನಾಯಕರು ಸರದಿಯಂತೆ ಒಬ್ಬೊಬ್ಬರನ್ನೇ ಆರಿಸಿಕೊಳ್ಳುವಾಗ ಕೊನೆಯಲ್ಲಿ ಉಳಿಯುವ ಮಗುವಿನ ಮುಖವನ್ನು ನೀವೂ ನೋಡಿರಬಹುದು. ಪ್ರತಿ ಸಂಜೆ ಎಲ್ಲರೆದುರು ಹೀಗೆ ಉಳಿಯುವವರಿಗೆ ಆಟ ಇಷ್ಟವಾಗದಿದ್ದರೆ ಅದಕ್ಕೆ ವೈದ್ಯಶಾಸ್ತ್ರದ ಕಾರಣವೂ ಬೇಕಾಗಿಲ್ಲ.

ಎಲ್ಲರೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. 2006ರಲ್ಲಿ ಅಮೆರಿಕದ ಜೇಸನ್ ಮೆಕೆಲ್ವೇನ್ ಎಂಬ ಆಟಿಸಂ ಇರುವ ಹುಡುಗ ತನ್ನ ಪ್ರೌಢಶಾಲೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದ ಕೊನೆಯ ನಾಲ್ಕು ನಿಮಿಷಗಳಲ್ಲಿ 20 ಅಂಕ ಗಳಿಸಿ ಜಗತ್ತಿಗೇ ಸುದ್ದಿಯಾದ. ಅವನಿಗೆ ಆ ಆಟವೆಂದರೆ ಪ್ರಾಣ. ಆದ್ದರಿಂದ ಆಟಿಸಂ ಎಂದ ಕೂಡಲೇ ‘ಆಟ ಬೇಡ’ ಎಂದು ನಾವೇ ಬರೆದುಬಿಡುವುದೂ ಅನ್ಯಾಯ.

ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಒಳ್ಳೆಯ ಮನುಷ್ಯರು. ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ಬೂಟು ಕೊಡಿಸಿದವರು. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. “ಮೇಡಂ, ಇವತ್ತು ಆಟದಿಂದ ತಪ್ಪಿಸಿಕೊಂಡೋನು ನಾಳೆ ಬದುಕಿಂದ ತಪ್ಪಿಸಿಕೊಳ್ತಾನೆ. ಹೊಂದಿಕೊಂಡು ಹೋಗೋದನ್ನ ಮೈದಾನದಲ್ಲಿ ಕಲೀದೆ ಎಲ್ಲಿ ಕಲೀತಾನೆ? ನಾವು ಕರುಣೆ ಅಂತ ಬಿಟ್ರೆ ಲೋಕ ಬಿಡುತ್ತಾ?” ಎಂದರು. ಆ ತಾಯಿಯೂ ಒಮ್ಮೆ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ತಾನಿಲ್ಲದ ಮೇಲೆ ಮಗನ ಗತಿಯೇನು ಎಂಬ ಹೆದರಿಕೆ ಇರುವವರು ಕೇಳುವ ಪ್ರಶ್ನೆ ಇದು. ಹಗುರವಾಗಿ ಉತ್ತರಿಸುವಂಥದ್ದಲ್ಲ.

ಆದರೂ ಈ ವಾದದಲ್ಲಿ ನನಗೊಂದು ಕೊರತೆ ಕಾಣುತ್ತದೆ. ಹೊಂದಿಕೊಳ್ಳುವ ಕೆಲಸವೆಲ್ಲ ಒಂದೇ ಕಡೆಯವರ ಪಾಲಿಗೆ ಬಂದಿದೆ. ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸರು, ಸ್ವತಃ ಆಟಿಸಂ ಇರುವವರು, 2012ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಮಾತನ್ನು ಎತ್ತಿದರು. ಆಟಿಸಂ ಇರುವವರಿಗೆ ಬೇರೆಯವರ ಮನಸ್ಸು ಅರ್ಥವಾಗುವುದಿಲ್ಲ ಎನ್ನುತ್ತೀರಲ್ಲ, ಅವರ ಮನಸ್ಸು ಬೇರೆಯವರಿಗೆ ಎಷ್ಟು ಅರ್ಥವಾಗಿದೆ ಎಂಬುದು ಅವರ ವಾದದ ತಿರುಳು. ತಂಡ ಎಂದರೆ ಒಬ್ಬರನ್ನೊಬ್ಬರು ಅರಿಯುವುದು ಎಂದಾದರೆ, ಹಿಂದಿನಿಂದ ಮುಟ್ಟಿದರೆ ಇವನಿಗೆ ಬೆನ್ನು ಉರಿಯುತ್ತದೆ ಎಂಬುದನ್ನು ತಿಳಿಯದ ಎಂಟು ಮಂದಿ ಇನ್ನೂ ತಂಡವಾಗಿಲ್ಲ ಎಂದೇ ಅರ್ಥ.

ಇನ್ನೊಂದು ಸಂಗತಿ. ತರಗತಿಗಳ ನಡುವಿನ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ನಮ್ಮ ಹುಡುಗ ಪಕ್ಕದ ಗೆರೆಯ ಹತ್ತಿರ ಕೂತು ನೋಡುತ್ತಿದ್ದ. ಅವನ ತರಗತಿಯವನೇ ಒಬ್ಬನ ಕಾಲು ಗೆರೆ ದಾಟಿತೋ ಇಲ್ಲವೋ ಎಂದು ಜಗಳವಾಯಿತು. ಇವನನ್ನು ಕೇಳಿದರು. “ದಾಟಿತ್ತು” ಎಂದ. ಒಂದು ಅಂಕ ಹೋಯಿತು, ಪಂದ್ಯವೂ ಹೋಯಿತು. ಮರುದಿನ ತರಗತಿಯಲ್ಲಿ ಅವನನ್ನು ದ್ರೋಹಿ ಎಂದು ಕರೆದರು. ಕರೆಸಿ ಕೇಳಿದೆ. “ನಾನು ಕಾಲು ನೋಡ್ದೆ ಮಿಸ್, ಯಾರ ಕಾಲು ಅಂತ ನೋಡ್ಲಿಲ್ಲ” ಎಂದ.

ಆಟಿಸಂ ಇರುವವರೆಲ್ಲ ಸತ್ಯಹರಿಶ್ಚಂದ್ರರು ಎಂದು ಇದರಿಂದ ಹೇಳಲಾಗದು. ಅವರಲ್ಲೂ ನಮ್ಮ ಹಾಗೆಯೇ ಎಲ್ಲ ಬಗೆಯವರೂ ಇರುತ್ತಾರೆ. ಆದರೆ ತಂಡದ ಆಟ ಸಹಕಾರವನ್ನು ಕಲಿಸುತ್ತದೆ ಎನ್ನುವಾಗ ಅದು ಇನ್ನೇನನ್ನು ಕಲಿಸುತ್ತದೆ ಎಂಬುದನ್ನೂ ನೋಡಬೇಕು. ನಮ್ಮವನ ಕಾಲಾದರೆ ಗೆರೆ ದಾಟಿಲ್ಲ ಎನ್ನುವುದನ್ನೂ ಅದು ಕಲಿಸುತ್ತದೆ. ಅದು ಜಾತಿಯಾಗಿ, ಪಕ್ಷವಾಗಿ ಬೆಳೆದಾಗ ಏನಾಗುತ್ತದೆಂದು ಸಮಾಜ ವಿಜ್ಞಾನದ ಶಿಕ್ಷಕಿ ಬಿಡಿಸಿ ಹೇಳಬೇಕಾಗಿಲ್ಲ.

ಗುಂಪಿನಲ್ಲಿ ಬೆರೆಯುವ ಶಕ್ತಿಯನ್ನೇ ಮನುಷ್ಯನ ಬೆಲೆ ಅಳೆಯುವ ಸೇರು ಮಾಡಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಚರಿತ್ರೆಯಲ್ಲಿ ಒಂದು ಕರಾಳ ನಿದರ್ಶನವಿದೆ. 1944ರಲ್ಲಿ ವಿಯೆನ್ನಾದ ವೈದ್ಯ ಹಾನ್ಸ್ ಆಸ್ಪರ್ಗರ್, ಓರಗೆಯ ಮಕ್ಕಳೊಡನೆ ಬೆರೆಯಲಾರದ, ಮೈಚಲನೆಯಲ್ಲಿ ಒಡ್ಡೊಡ್ಡಾದ ಕೆಲವು ಹುಡುಗರನ್ನು ಕುರಿತು ಬರೆದ. ಬಹುಕಾಲ ಅವನನ್ನು ಇಂಥ ಮಕ್ಕಳ ರಕ್ಷಕನೆಂದೇ ಹೊಗಳಲಾಗುತ್ತಿತ್ತು. ಆದರೆ ಅವನು ಕೆಲವು ಅಂಗವಿಕಲ ಮಕ್ಕಳನ್ನು ಆಮ್ ಷ್ಪೀಗೆಲ್‌ಗ್ರುಂಡ್ ಎಂಬ ಸಂಸ್ಥೆಗೆ ಕಳುಹಿಸಲು ಶಿಫಾರಸು ಮಾಡಿದ್ದನ್ನು ಇತಿಹಾಸಕಾರ ಹೆರ್ವಿಗ್ ಚೆಕ್ 2018ರಲ್ಲಿ ದಾಖಲೆ ಸಮೇತ ತೋರಿಸಿದರು. ನಾಜಿ ಆಡಳಿತದ ಆ ಸಂಸ್ಥೆಯಲ್ಲಿ 789 ಮಕ್ಕಳು ಸತ್ತರು. ಸಮುದಾಯಕ್ಕೆ ಉಪಯೋಗಕ್ಕೆ ಬಾರದ ಜೀವಕ್ಕೆ ಬೆಲೆಯಿಲ್ಲ ಎಂಬುದು ಆ ಆಡಳಿತದ ನಂಬಿಕೆಯಾಗಿತ್ತು. ನಮ್ಮ ಶಾಲೆಯ ಮೈದಾನಕ್ಕೂ ಅದಕ್ಕೂ ಅಜಗಜಾಂತರ. ಆದರೂ ‘ತಂಡಕ್ಕೆ ಆಗದವನು’ ಎಂಬ ಮಾತು ಬಾಯಿಗೆ ಬಂದಾಗ ನಾಲಗೆಯನ್ನು ಸ್ವಲ್ಪ ತಡೆಯಲು ಈ ನೆನಪು ಸಾಕು.

ಹಾಗಾದರೆ ಆಟ ಬೇಡವೆಂದವರನ್ನು ಬಿಟ್ಟುಬಿಡೋಣವೇ? ನಮ್ಮ ಭಾಷೆಯಲ್ಲಿ ‘ಬಿಡುವುದು’ ಬೇರೆ, ‘ಬಿಟ್ಟುಬಿಡುವುದು’ ಬೇರೆ. ಒಬ್ಬನನ್ನು ಅವನ ಪಾಡಿಗೆ ಬಿಡುವುದು ಗೌರವ. ಬಿಟ್ಟುಬಿಡುವುದೆಂದರೆ ಕೈತೊಳೆದುಕೊಳ್ಳುವುದು. ಎಷ್ಟೋ ಶಾಲೆಗಳಲ್ಲಿ ಇಂಥ ಮಗುವನ್ನು ಬೇವಿನ ಮರದ ಕೆಳಗೆ ಕೂರಿಸಿ ಎಲ್ಲರ ಚಪ್ಪಲಿ ಕಾಯಲು ಹೇಳುತ್ತಾರೆ. ಬಲವಂತವೇನೋ ತಪ್ಪಿತು, ಆದರೆ ಮೂರು ವರ್ಷ ಚಪ್ಪಲಿ ಕಾಯ್ದ ಮಗು ತನ್ನ ಬಗ್ಗೆ ಏನನ್ನು ಕಲಿಯುತ್ತದೆ?

ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಒಟ್ಟಿಗೇ ಮಕ್ಕಳ ಹಕ್ಕುಗಳೆಂದು ಹೇಳುತ್ತದೆ. ಆಟವನ್ನು ಕರ್ತವ್ಯವೆಂದು ಅದು ಎಲ್ಲೂ ಹೇಳುವುದಿಲ್ಲ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಅಂಗವಿಕಲರು ಕ್ರೀಡೆಗಳಲ್ಲಿ ಭಾಗವಹಿಸಲು ಬೇಕಾದ ಏರ್ಪಾಡು ಮಾಡುವ ಹೊಣೆಯನ್ನು ಆ ಕಾಯಿದೆ ಸರ್ಕಾರದ ಮೇಲೆ ಹೊರಿಸಿದೆ. ಎರಡನ್ನೂ ಕೂಡಿಸಿ ನೋಡಿದರೆ ನನಗೆ ತೋರುವುದು ಇಷ್ಟು: ಆಡುವುದು ಮಗುವಿನ ಹಕ್ಕು, ಆಡುವಂತೆ ಅನುವು ಮಾಡಿಕೊಡುವುದು ನಮ್ಮ ಕರ್ತವ್ಯ. ನಮ್ಮ ಕರ್ತವ್ಯವನ್ನು ಮಗುವಿನ ಹೆಗಲಿಗೆ ಹೊರಿಸುವಂತಿಲ್ಲ.

ಮೇಷ್ಟ್ರೂ ನಾನೂ ಕೂತು ಮಾತಾಡಿ ಕೆಲವನ್ನು ಮಾಡಿದೆವು. ಆಟದ ಅವಧಿಯಲ್ಲಿ ಏನಿರುತ್ತದೆಂದು ಬೆಳಿಗ್ಗೆಯೇ ಹಲಗೆಯ ಮೂಲೆಯಲ್ಲಿ ಬರೆಯುವುದು. ನಾಯಕರು ಆರಿಸುವುದನ್ನು ನಿಲ್ಲಿಸಿ ಹಾಜರಿ ಸಂಖ್ಯೆಯ ಮೇಲೆ ತಂಡ ಮಾಡುವುದು. ಓಟ, ಹಗ್ಗದಾಟ, ಚದುರಂಗ ಬೇಕೆನ್ನುವವರಿಗೆ ಬೇರೆ ಜಾಗ ಕೊಡುವುದು. ಹೀಗೆ ಮಾಡಿದಾಗ ಇನ್ನೂ ಏಳೆಂಟು ಮಕ್ಕಳು ತಂಡದಿಂದ ಈ ಕಡೆ ಬಂದರು. ಅವರಿಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. ಇಷ್ಟು ವರ್ಷ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ನಮ್ಮ ಹುಡುಗ ಖೋ ಖೋ ಅಂಕಪಟ್ಟಿ ಬರೆಯುವ ಕೆಲಸವನ್ನು ತಾನಾಗಿಯೇ ಕೇಳಿ ವಹಿಸಿಕೊಂಡ. ಗೆರೆ ದಾಟಿತೋ ಇಲ್ಲವೋ ಎಂಬ ಜಗಳಗಳು ಅವನ ಮುಂದೆ ಬಂದು ನಿಲ್ಲತೊಡಗಿದವು. ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ದ್ರೋಹಿ ಎಂಬ ಹೆಸರು ಅಳಿಸಿತ್ತು.

ಅವನು ಓಟದಲ್ಲಿ ಜಿಲ್ಲೆಗೆ ಮೊದಲಿಗನಾದ ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಹೋಬಳಿ ಮಟ್ಟದಲ್ಲಿ ಹನ್ನೊಂದನೆಯವನಾಗಿ ಬಂದು ನೀರು ಕುಡಿದು ಕೂತ. ಅದರಿಂದ ಏನೂ ಕಡಿಮೆಯಾಗಲಿಲ್ಲ. ಒಂದು ಕಡೆ ಆಗದವನು ಇನ್ನೊಂದು ಕಡೆ ಗೆದ್ದು ತೋರಿಸಿದರಷ್ಟೇ ಅವನಿಗೆ ಬೆಲೆ ಕೊಡುವುದಾದರೆ, ನಾವು ಸೇರನ್ನು ಬದಲಾಯಿಸಿದೆವೇ ಹೊರತು ಅಳೆಯುವುದನ್ನು ಬಿಡಲಿಲ್ಲ. ಆಟದಲ್ಲಿ ಇಲ್ಲದಿದ್ದರೂ ಲೆಕ್ಕದಲ್ಲಿ ಇರುವುದು ಮನುಷ್ಯನಿಗೆ ಹುಟ್ಟಿನಿಂದಲೇ ಸಲ್ಲಬೇಕು.

ಒಂದು ತೊಡಕು ಉಳಿದೇ ಇದೆ. ‘ಬೇಡ’ ಎನ್ನುವ ಮಾತು ಎಷ್ಟರ ಮಟ್ಟಿಗೆ ಇಷ್ಟವಿಲ್ಲದ್ದು, ಎಷ್ಟರ ಮಟ್ಟಿಗೆ ಹೆದರಿಕೆ ಎಂದು ಹೊರಗಿನಿಂದ ತಿಳಿಯುವುದು ಸುಲಭವಲ್ಲ. ಹೆದರಿಕೆಯಾದರೆ ಅದು ಕರಗಲೂಬಹುದು. ಆದ್ದರಿಂದ ಒಮ್ಮೆ ಕೇಳಿ ಮುಗಿಸುವ ಪ್ರಶ್ನೆ ಇದಲ್ಲ. ಪ್ರತಿ ಜೂನ್ ತಿಂಗಳಲ್ಲಿ, ಹೊಸ ಹಾಜರಿ ಪುಸ್ತಕ ತೆರೆದಾಗ, ಮತ್ತೆ ಕೇಳಬೇಕು. ಬೇಡ ಎಂದರೆ ಯಾಕೆ ಎಂದು ವಿಚಾರಿಸಬೇಕು, ಗೋಡೆ ನೋಡಿ ಉತ್ತರ ಹುಡುಕುವಷ್ಟು ಹೊತ್ತು ಕಾಯಬೇಕು, ಬಂದ ಉತ್ತರವನ್ನು ನಂಬಬೇಕು.