ಕಲ್ಪನೆಗೂ ಒಂದು ಕರಾರು

ಕವಿಗಳು ನಿರಂಕುಶರು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ರವಿ ಕಾಣದ್ದನ್ನು ಕವಿ ಕಾಣುತ್ತಾನೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದ್ಭುತ ಕಥೆ, ವೈಜ್ಞಾನಿಕ ಕಥೆ ಬರೆಯುವವನಿಗಂತೂ ಈ ಸ್ವಾತಂತ್ರ್ಯ ಇನ್ನೂ ಹೆಚ್ಚೆಂದು ತೋರುತ್ತದೆ. ಅವನು ಕುದುರೆಗೆ ರೆಕ್ಕೆ ಕಟ್ಟಬಹುದು, ಸತ್ತವನನ್ನು ಎಬ್ಬಿಸಬಹುದು, ನೆರೆಮನೆಯವನನ್ನು ಮಂಗಳಗ್ರಹದಲ್ಲಿ ಇಳಿಸಬಹುದು. ಹೇಗೂ ಎಲ್ಲವೂ ಸುಳ್ಳೇ ಆದಮೇಲೆ ಅದರಲ್ಲಿ ಸರಿತಪ್ಪು ಎಣಿಸುವುದೇಕೆ ಎಂದು ಕೇಳುವವರೂ ಇದ್ದಾರೆ. ಆದರೆ ಈ ಪ್ರಶ್ನೆ ಸಾಹಿತ್ಯಕ್ಕೆ ಎಷ್ಟು ಸೇರಿದ್ದೋ ನೀತಿಗೂ ಅಷ್ಟೇ ಸೇರಿದ್ದೆಂದು ನನಗನಿಸುತ್ತದೆ.

ನಮ್ಮ ಮಕ್ಕಳಿಗೆಲ್ಲ ಗೊತ್ತಿರುವ ಪುಣ್ಯಕೋಟಿಯ ಕಥೆಯನ್ನೇ ನೋಡೋಣ. ಹಸು ಮಾತನಾಡುತ್ತದೆ, ಹುಲಿಯೂ ಮಾತನಾಡುತ್ತದೆ. ಯಾವ ಮಗುವೂ ಅದಕ್ಕೆ ತಕರಾರು ಮಾಡಿದ್ದಿಲ್ಲ. ಆದರೆ ಕರುವಿಗೆ ಹಾಲೂಡಿಸಿದ ಪುಣ್ಯಕೋಟಿ ಹಿಂತಿರುಗದೆ ಕೊಟ್ಟಿಗೆಯಲ್ಲೇ ಉಳಿದುಬಿಟ್ಟಿತೆಂದು ಹೇಳಿ ನೋಡಿ, ಅದೇ ಮಗು ಒಪ್ಪುವುದಿಲ್ಲ. ಹುಲಿ ಕೊನೆಗೆ ಪ್ರಾಣ ಬಿಡುವುದು ಹುಲಿಯ ಸ್ವಭಾವಕ್ಕೆ ವಿರುದ್ಧ; ಆದರೂ ಅದನ್ನು ಒಪ್ಪುತ್ತದೆ. ಏಕೆಂದರೆ ಮಾತಿಗೆ ತಪ್ಪಬಾರದೆಂಬುದು ಆ ಲೋಕದ ಕಟ್ಟಳೆ, ಆ ಕಟ್ಟಳೆಯ ತೂಕಕ್ಕೆ ಹುಲಿಯೂ ಬಾಗಿತು. ಅಸಾಧ್ಯವಾದದ್ದನ್ನು ನಂಬಲು ಮಗು ಸಿದ್ಧ, ಅಸಂಗತವಾದದ್ದನ್ನು ನಂಬಲು ಸಿದ್ಧವಿಲ್ಲ.

ನಮ್ಮ ಮುಂಬಯಿಯ ಚಿತ್ರೋದ್ಯಮವೂ ಒಮ್ಮೆ ಈ ಗುಟ್ಟನ್ನು ಚೆನ್ನಾಗಿ ಅರಿತಿತ್ತು. 1987ರಲ್ಲಿ ಬಂದ ಶೇಖರ್ ಕಪೂರರ 'ಮಿಸ್ಟರ್ ಇಂಡಿಯಾ'ದ ನಾಯಕ ಕೈಗೆ ಒಂದು ಸಾಧನ ಕಟ್ಟಿಕೊಂಡರೆ ಅದೃಶ್ಯನಾಗುತ್ತಾನೆ. ಆದರೆ ಕೆಂಪು ಬೆಳಕಿನಲ್ಲಿ ಮಾತ್ರ ಕಾಣುತ್ತಾನೆ. ಈ ಒಂದು ನಿಯಮ ಇಲ್ಲದಿದ್ದರೆ ಅವನಿಗೆ ಅಪಾಯವೇ ಇರುತ್ತಿರಲಿಲ್ಲ, ನಮಗೆ ಆತಂಕವೂ ಇರುತ್ತಿರಲಿಲ್ಲ. ಕೆಂಪು ದೀಪದಲ್ಲೂ ಆತ ಕಾಣದಂತೆ ಕಥೆಗಾರರು ನಡುವೆ ಎಲ್ಲಾದರೂ ಮಾಡಿದ್ದರೆ ಗಾಂಧಿಕ್ಲಾಸಿನ ಪ್ರೇಕ್ಷಕನೂ ಶಿಳ್ಳೆ ಹೊಡೆದು ಪ್ರತಿಭಟಿಸುತ್ತಿದ್ದ.

ವಿಜ್ಞಾನ ಓದಿದವರು ಇಲ್ಲಿ ಬೇರೊಂದು ಆಕ್ಷೇಪ ಎತ್ತುವುದುಂಟು. ಎಚ್.ಜಿ. ವೆಲ್ಸರು 1897ರಲ್ಲಿ 'ಅದೃಶ್ಯ ಮಾನವ'ನ ಕಾದಂಬರಿ ಬರೆದಂದಿನಿಂದ ಇರುವ ಆಕ್ಷೇಪ ಅದು. ನಾವು ನೋಡಬೇಕಾದರೆ ಕಣ್ಣಿನ ಅಕ್ಷಿಪಟಲ ಬೆಳಕನ್ನು ಹೀರಿಕೊಳ್ಳಬೇಕು. ಬೆಳಕೆಲ್ಲ ಮೈಯೊಳಗಿಂದ ಹಾದುಹೋದರೆ ಅದೃಶ್ಯನಾದವನು ಕುರುಡನೇ ಆಗಬೇಕು. ಇಷ್ಟು ತಿಳಿದೂ ನಾವು ವೆಲ್ಸರನ್ನು ಕ್ಷಮಿಸುತ್ತೇವೆ. ಕಥೆ ಆರಂಭಿಸಲು ಬೇಕಾದ ಒಂದು ಅಸಾಧ್ಯವನ್ನು ಅವರಿಗೆ ಸಾಲವಾಗಿ ಕೊಟ್ಟಿದ್ದೇವೆ, ಅಷ್ಟೆ. ಆ ಸಾಲದಿಂದ ಅವರು ಪ್ರಾಮಾಣಿಕವಾಗಿ ವ್ಯಾಪಾರ ನಡೆಸುತ್ತಾರೆ. ಅದೃಶ್ಯನಾದವನಿಗೆ ಚಳಿಯಾಗುತ್ತದೆ, ಹಸಿವಾಗುತ್ತದೆ, ಹೊದ್ದ ಬಟ್ಟೆ ಕಾಣುತ್ತದೆ. ಪ್ರತಿ ಅಧ್ಯಾಯಕ್ಕೂ ಹೊಸ ಸಾಲ ಕೇಳುವ ಲೇಖಕನನ್ನು ಮಾತ್ರ ಯಾರೂ ಬಾಗಿಲೊಳಗೆ ಸೇರಿಸುವುದಿಲ್ಲ.

ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು? ದಾದರಿನಿಂದ ರೈಲು ಹತ್ತಿದವನು ಮಾಟುಂಗಾ ದಾಟದೆ ಕುರ್ಲಾ ತಲಪಿದನೆಂದು ಸಾಮಾಜಿಕ ಕಥೆಯೊಂದರಲ್ಲಿ ಬರೆದರೆ ನಮ್ಮಲ್ಲಿ ಯಾರು ಬೇಕಾದರೂ ತಪ್ಪು ತೋರಿಸಬಹುದು. ಕಲ್ಪನಾಲೋಕದ ಭೂಪಟ ಇರುವುದು ಲೇಖಕನೊಬ್ಬನ ಕೈಯಲ್ಲಿ. ಅಲ್ಲಿ ಲೆಕ್ಕ ಬರೆಯುವವನೂ ಅವನೇ, ತಪಾಸಣೆ ಮಾಡುವವನೂ ಅವನೇ. ಹೊರಗಿನ ತಪಾಸಣೆ ಇಲ್ಲದಲ್ಲಿ ಪ್ರಾಮಾಣಿಕತೆಯ ಹೊಣೆ ಹೆಚ್ಚುತ್ತದೆಂಬುದನ್ನು ಕಚೇರಿಯಲ್ಲಿ ಕಡತ ನೋಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಓದುಗ ಅಲ್ಲಿ ಪೂರ್ತಿ ಅಸಹಾಯಕ. ಲೇಖಕನ ಮಾತೊಂದೇ ಅವನಿಗೆ ಆಧಾರ. ಆದ್ದರಿಂದ, ನಾಯಕನನ್ನು ಸಂಕಟಕ್ಕೆ ಸಿಕ್ಕಿಸಿ, ಬಿಡಿಸಲಾರದೆ, 'ಎಚ್ಚರವಾಯಿತು, ಎಲ್ಲ ಕನಸು' ಎಂದು ಮುಗಿಸುವ ಕಥೆಗಳು ನನಗೆ ಕೆಟ್ಟ ಕಥೆಗಳೆನ್ನುವುದಕ್ಕಿಂತ ವಚನಭಂಗಗಳೆಂದೇ ಕಾಣುತ್ತವೆ.

ವೈಜ್ಞಾನಿಕ ಕಥೆಗಾರನ ಕರಾರು ಇನ್ನಷ್ಟು ಬಿಗಿ, ಏಕೆಂದರೆ ಕೆಲವು ನಿಯಮಗಳು ಅವನು ಮಾಡಿದವಲ್ಲ. ಈ ವಿಷಯದಲ್ಲಿ ಜಯಂತ ನಾರಳೀಕರರ ಉದಾಹರಣೆ ನಮಗೆ ಹತ್ತಿರದ್ದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, 1974ರಲ್ಲಿ, ಅವರು ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ 'ಕೃಷ್ಣವಿವರ' ಎಂಬ ಕಥೆ ಕಳಿಸಿದರು. ತಮ್ಮ ಹೆಸರಿನ ಆದ್ಯಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರು ಇಟ್ಟುಕೊಂಡರು. ಕೈಬರಹದ ಗುರುತು ಹತ್ತದಿರಲೆಂದು ಪತ್ನಿಯಿಂದ ಪ್ರತಿ ಬರೆಸಿದರು. ಬಹುಮಾನ ಬಂತು. ಖಗೋಳ ವಿಜ್ಞಾನದಲ್ಲಿ ಅಷ್ಟು ದೊಡ್ಡ ಹೆಸರಿದ್ದವರು ತಮ್ಮ ಹೆಸರಿನ ರಿಯಾಯಿತಿಯನ್ನೂ ಬೇಡವೆಂದರು. ಕಪ್ಪುಕುಳಿಯ ಅಂಚು ದಾಟಿ ಒಳಹೋದದ್ದು ಹೊರಬರಲಾರದು, ಅದರ ಸಮೀಪ ಗಡಿಯಾರ ದೂರದವರ ಲೆಕ್ಕಕ್ಕೆ ನಿಧಾನವಾಗುತ್ತದೆ. ಇವು ಪ್ರಕೃತಿಯ ಷರತ್ತುಗಳು. 2025ರಲ್ಲಿ ತೀರಿಕೊಂಡ ನಾರಳೀಕರರು ಇಂಥ ಷರತ್ತುಗಳಿಂದಲೇ ಕಥೆ ಹುಟ್ಟಿಸಬಹುದೆಂದು ತೋರಿಸಿಹೋದರು.

ಹಾಗಾದರೆ ಸಂಪ್ರದಾಯ ಮುರಿಯಲೇಬಾರದೇ? ಖಂಡಿತ ಮುರಿಯಬಹುದು. ಕರಾರು ಬೇರೆ, ರೂಢಿ ಬೇರೆ. ರಾಕ್ಷಸ ಕಪ್ಪಗೇ ಇರಬೇಕು, ಹಾರುವ ತಟ್ಟೆ ಅಮೆರಿಕದಲ್ಲೇ ಇಳಿಯಬೇಕು ಎಂಬುವು ರೂಢಿಗಳು. ಅವನ್ನು ಲೇಖಕ ಓದುಗನಿಗೆ ಮಾತು ಕೊಟ್ಟು ಹೇಳಿದ್ದಲ್ಲ. ಗಿರೀಶ ಕಾರ್ನಾಡರು 1971ರ 'ಹಯವದನ'ದಲ್ಲಿ ಮಾಡಿದ್ದನ್ನು ಗಮನಿಸಿ. ತಲೆ ಅದಲುಬದಲಾದ ಇಬ್ಬರಲ್ಲಿ ಗಂಡನಾರು ಎಂಬ ಬೇತಾಳನ ಪ್ರಶ್ನೆಗೆ, ತಲೆ ಯಾರದೋ ಅವನೇ ಎಂಬ ಉತ್ತರ ಬಂದೊಡನೆ ಹಳೆಯ ಕಥೆ ಮುಗಿಯುತ್ತದೆ. ಜರ್ಮನ್ ಲೇಖಕ ಥಾಮಸ್ ಮಾನ್ ಅದನ್ನು ಮುಂದುವರಿಸಿದ್ದರು, ಕಾರ್ನಾಡರೂ ಮುಂದುವರಿಸಿದರು. ದೇವದತ್ತನ ತಲೆಗೆ ಸಿಕ್ಕ ಕಪಿಲನ ದೃಢಕಾಯ ದಿನ ಕಳೆದಂತೆ ಮೃದುವಾಗುತ್ತದೆ. ತಲೆಯೇ ಮೇಲೆಂದು ತೀರ್ಪಾದಮೇಲೆ ದೇಹವೂ ಅದಕ್ಕೆ ತಲೆಬಾಗಬೇಕಲ್ಲ! ಪದ್ಮಿನಿಯ ಆಸೆ ಮಾತ್ರ ತೀರುವುದಿಲ್ಲ. ಯಕ್ಷಗಾನದ ಭಾಗವತ, ಗಣೇಶಸ್ತುತಿ ಎಲ್ಲವೂ ನಾಟಕದಲ್ಲಿವೆ, ಆದರೆ ಕಥೆಯ ಮಂಗಳ ಹಾಡುವ ಜಾಗ ಬದಲಾಗಿದೆ. ಕಾರ್ನಾಡರು ರೂಢಿಯನ್ನು ಮುರಿದದ್ದು ಕರಾರನ್ನು ಕೊನೆಯವರೆಗೆ ನಡೆಸುವುದಕ್ಕಾಗಿ. ಕನ್ನಡದ ಈ ನಾಟಕವನ್ನು 1972ರಲ್ಲಿ ಸತ್ಯದೇವ ದುಬೆಯವರು ಹಿಂದಿಯಲ್ಲಿ ಮುಂಬಯಿಯ ರಂಗಕ್ಕೆ ತಂದರು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಮಹಾನಗರದಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯಲು ಹೊರಟರೆ ನಾವು ಹಿರಿಯರು ಕೂಡಲೇ ರೂಢಿಯ ಅಂಕುಶ ಹಿಡಿಯುತ್ತೇವೆ. ಪಂಜುರ್ಲಿ ಭೂತ ಠಾಣೆಯ ಖಾಡಿಯಲ್ಲಿ ಕಾಣಿಸಿಕೊಂಡರೆ, ಭೀಮಸೇನ ಲೋಕಲ್ ರೈಲು ಹತ್ತಿದರೆ ಪರಂಪರೆ ಕೆಟ್ಟಿತೆನ್ನುತ್ತೇವೆ. ಊರು ಬಿಟ್ಟು ಬಂದವರಿಗೆ ಊರಿನ ಕಥೆ ಇದ್ದಂತೆಯೇ ಇರಲೆಂಬ ಆಸೆ ಸಹಜ. ಆದರೆ ಕಥೆ ಹೆಪ್ಪುಗಟ್ಟಿದರೆ ಮಕ್ಕಳು ಅದನ್ನು ಬಿಟ್ಟು ಬೇರೆ ಭಾಷೆಯಲ್ಲಿ ಕಲ್ಪನೆ ಮಾಡತೊಡಗುತ್ತಾರೆ. ಒಂದು ಭಾಷೆಯಲ್ಲಿ ಕನಸು ಕಾಣುವುದು ನಿಂತಮೇಲೆ ಅದರಲ್ಲಿ ಮಾತನಾಡುವುದು ಎಷ್ಟು ದಿನ ಉಳಿದೀತು? ಭೀಮ ರೈಲು ಹತ್ತಲಿ. ಹತ್ತಿದ ಮೇಲೆ ಅವನ ಹಸಿವು ಭೀಮನದೇ ಆಗಿರಲಿ, ಸಿಟ್ಟೂ ಭೀಮನದೇ ಆಗಿರಲಿ, ಕೊಟ್ಟ ಮಾತನ್ನು ಅವನು ನಡೆಸಲಿ. ಮಕ್ಕಳ ಬರಹದಲ್ಲಿ ನಾವು ನೋಡಬೇಕಾದದ್ದು ಇಷ್ಟೇ.