ಅಗ್ಗದ ಸೈಕಲ್ಲು ಯಾರ ಪಾಲಿನದು?

ಅಗ್ಗವಾಗಿ ಸಿಕ್ಕಿದ್ದೆಲ್ಲ ಲಾಭವೆಂದೇ ನಾವು ಲೆಕ್ಕ ಹಾಕುತ್ತೇವೆ. ಬೇಗಂ ಬಜಾರಿನಿಂದ ಹತ್ತು ರೂಪಾಯಿ ಕಡಿಮೆಗೆ ಬೇಳೆ ತಂದ ದಿನ ಮನೆಯಲ್ಲಿ ನಮ್ಮ ಮಾತಿಗೆ ಸ್ವಲ್ಪ ತೂಕ ಹೆಚ್ಚು. ಊರು ಬಿಟ್ಟು ಬಂದು ಪರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗಂತೂ ಮಿತವ್ಯಯವೆಂಬುದು ಬರಿಯ ಗುಣವಲ್ಲ, ಕುಲಧರ್ಮವೇ ಆಗಿಬಿಟ್ಟಿದೆ. ಆದರೆ ನಾನು ಉಳಿಸಿದ ಹಣ ಯಾರ ಲೆಕ್ಕದಿಂದ ಕಳೆಯಿತು ಎಂದು ಎಂದಾದರೂ ಕೇಳಿಕೊಂಡಿದ್ದೇವೆಯೆ? ಈ ಪ್ರಶ್ನೆ ಒಂದು ಹಳೆಯ ಸೈಕಲ್ಲಿನ ನೆಪದಲ್ಲಿ ಈಚೆಗೆ ನನ್ನೆದುರು ಬಂದು ನಿಂತಿತು. ಅದರಲ್ಲಿ ನನ್ನ ತಪ್ಪೂ ಇರುವುದರಿಂದ ವಾಚಕರ ಮುಂದೆ ಒಪ್ಪಿಸುತ್ತಿದ್ದೇನೆ.

ನನ್ನ ಅಕ್ಕನ ಮಗ ಕಲಬುರ್ಗಿಯಿಂದ ಓದಲು ಬಂದು ನಮ್ಮ ಮನೆಯಲ್ಲಿದ್ದಾನೆ. ಅವನಿಗೆ ಬಟ್ಟೆ, ಹಾಸಿಗೆ, ಡೇರೆ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಊರೂರು ಸುತ್ತುವ ಹಂಬಲ. ಮೊದಲ ಗುರಿ ಬೀದರ್. ಪಟಾನ್‌ಚೆರು, ಸಂಗಾರೆಡ್ಡಿ, ಸದಾಶಿವಪೇಟೆ, ಜಹೀರಾಬಾದ್ ಮಾರ್ಗವಾಗಿ ಸುಮಾರು 140 ಕಿ.ಮೀ. ಅಲ್ಲಿಂದ ಹುಮನಾಬಾದ್, ಬಸವಕಲ್ಯಾಣ, ಕೊನೆಗೆ ಕಲಬುರ್ಗಿಯಲ್ಲಿ ತಾಯಿಯ ಮನೆಬಾಗಿಲು. ಕೈಯಲ್ಲಿದ್ದ ಹಣ ಮಾತ್ರ ಎಂಟು ಸಾವಿರ ರೂಪಾಯಿ.

ಎಂಟು ಸಾವಿರಕ್ಕೆ ಇಂದು ಏನು ಬಂದೀತು? ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರ ಅಕ್ಟೋಬರಿನಲ್ಲಿ ತೆರೆದ, ಸೌರಫಲಕಗಳ ಚಾವಣಿಯುಳ್ಳ 23 ಕಿ.ಮೀ. ಸೈಕಲ್ ಪಥದಲ್ಲಿ ರಜೆಯ ದಿನ ಬೆಳಿಗ್ಗೆ ನಿಂತು ನೋಡಿದರೆ ಒಂದೊಂದು ಸೈಕಲ್ಲಿನ ಬೆಲೆಯೂ ಮೋಟಾರು ಸೈಕಲ್ಲನ್ನು ನಾಚಿಸುವಂತಿರುತ್ತದೆ. ದೂರ ಪ್ರಯಾಣಕ್ಕೆಂದೇ ಮಾಡಿದ ವಿದೇಶಿ ಸೈಕಲ್ಲಿಗೆ ಲಕ್ಷ ರೂಪಾಯಿಗೂ ಮಿಕ್ಕಿ ಬೆಲೆಯುಂಟು. ಹುಡುಗ ಅಂಗಡಿಗಳಿಗೆ ಹೋಗಿ ಮುಟ್ಟಿ ನೋಡಿ ಬರುತ್ತಿದ್ದ, ಅಷ್ಟೆ.

ಅವನಿಗೆ ಧೈರ್ಯ ಹೇಳಲು ನನಗೆ ಹಿಂದಿನವರ ಕಥೆಗಳು ಒದಗಿದವು. 1923ರ ಅಕ್ಟೋಬರಿನಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ ಏರಿ ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಪ್ರಪಂಚ ಸುತ್ತಿ 1928ರ ಮಾರ್ಚ್ ತಿಂಗಳಲ್ಲಿ ಮರಳಿದರು. ಐರ್ಲೆಂಡಿನ ಡರ್ವ್ಲಾ ಮರ್ಫಿ 1963ರಲ್ಲಿ ಒಬ್ಬಂಟಿಯಾಗಿ ದೆಹಲಿಯವರೆಗೆ ಬಂದರು. ಏಷ್ಯಾದ ರಸ್ತೆಗಳಿಗೆ ಗೇರು ತಾಳಲಾರದೆಂದು ಹೊರಡುವ ಮೊದಲೇ ಅದನ್ನು ಕಿತ್ತುಹಾಕಿಸಿದ್ದರಂತೆ! ಒಡಿಶಾದ ಚಿತ್ರಕಾರ ಪ್ರದ್ಯುಮ್ನ ಕುಮಾರ್ ಮಹಾನಂದಿಯಾ 1977ರಲ್ಲಿ ಇದ್ದುದನ್ನೆಲ್ಲ ಮಾರಿ ಹಳೆಯ ಸೈಕಲ್ಲೊಂದನ್ನು ಕೊಂಡು, ಪ್ರೀತಿಸಿದ ಹೆಣ್ಣನ್ನು ಅರಸಿ ದೆಹಲಿಯಿಂದ ಸ್ವೀಡನ್ನಿಗೆ ಹೊರಟುಬಿಟ್ಟರು.

“ಅಂದಮೇಲೆ ನೀನು ಬೀದರಿಗೆ ಹೋಗುವುದಕ್ಕೆ ಲಕ್ಷ ರೂಪಾಯಿ ಯಾಕಪ್ಪಾ?” ಎಂದೆ. ಇಬ್ಬರೂ ಕುಳಿತು ಅಗತ್ಯಗಳನ್ನು ಪಟ್ಟಿ ಮಾಡಿದೆವು. ಉಕ್ಕಿನ ಚೌಕಟ್ಟು ಬೇಕು. ತೂಕವೇನೋ ಹೆಚ್ಚು, ಆದರೆ ಬಿರುಕು ಬಿಟ್ಟರೆ ಹಳ್ಳಿಯ ವೆಲ್ಡಿಂಗಿನವನೂ ಬೆಸೆಯಬಲ್ಲ. ಗಾಲಿ ಓಲಾಡಬಾರದು, ಕೊಳವೆಗಳು ಕೂಡುವ ಸಂದಿಯಲ್ಲಿ ತುಕ್ಕು ಇರಬಾರದು. ಹಿಂದೆ ಗಟ್ಟಿ ಕ್ಯಾರಿಯರ್ ಕೂರಬೇಕು. ಟೈರು, ಟ್ಯೂಬು ಯಾವ ಊರಿನಲ್ಲಾದರೂ ಸಿಗುವ ಅಳತೆಯವಾಗಿರಬೇಕು. ಉಳಿಸುವುದಾದರೆ ಗೇರಿನಲ್ಲಿ ಉಳಿಸಬಹುದು, ಬ್ರೇಕಿನಲ್ಲಿ ಉಳಿಸಬಾರದು.

ಮೊದಲು ಹೋದದ್ದು ಎರ್ರಗಡ್ಡದ ಭಾನುವಾರದ ಸಂತೆಗೆ. ಅಲ್ಲಿ ಒಳ್ಳೆಯ ಗೇರಿನ ಸೈಕಲ್ಲೊಂದನ್ನು ಒಬ್ಬ ಎರಡೇ ಸಾವಿರಕ್ಕೆ ಕೊಡಲು ಸಿದ್ಧನಿದ್ದ. ಯಾರದೆಂದು ಕೇಳಿದರೆ ಉತ್ತರವಿಲ್ಲ. ಹಿಂದಿನ ಗಾಲಿಯಲ್ಲಿ ಕತ್ತರಿಸಿದ ಬೀಗದ ತುಂಡು ಇನ್ನೂ ಸಿಕ್ಕಿಕೊಂಡಿತ್ತು. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ, ಇಬ್ಬರೂ ಮುಂದೆ ನಡೆದೆವು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಕದ್ದ ಮಾಲು ಕೊಳ್ಳಬಾರದೆಂಬುದು ಸುಲಭದ ಪಾಠ. ಕಠಿಣವಾದ ಪಾಠ ನಮ್ಮ ಮನೆಯ ಕೆಳಗೇ ಕಾದಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಎಲ್ಲ ಅಪಾರ್ಟ್‌ಮೆಂಟುಗಳಲ್ಲಿ ಇರುವಂತೆಯೇ, ಧೂಳು ಹಿಡಿದ ಸೈಕಲ್ಲುಗಳ ಒಂದು ಸಾಲಿದೆ. ಅವುಗಳಲ್ಲಿ ಒಂದು ನಾವು ಮಾಡಿದ ಪಟ್ಟಿಗೆ ಅಳೆದಂತಿತ್ತು. ಮಾಲೀಕರು ಮೂರನೆಯ ಮಹಡಿಯವರು. ಮಗ ಅಮೆರಿಕೆಗೆ ಹೋದ ಮೇಲೆ ಅದನ್ನು ಮುಟ್ಟಿದವರಿಲ್ಲ. ಮೂರೂವರೆ ಸಾವಿರಕ್ಕೆ ಕೊಡುತ್ತೇನೆಂದರು. ನಾನು ಅಂದು ರಾತ್ರಿಯೇ ಐನೂರು ರೂಪಾಯಿ ಮುಂಗಡ ಕೊಟ್ಟು ಬಂದೆ.

ರಾತ್ರಿಯೇ ಏಕೆ? ಇಲ್ಲಿಯೇ ನನ್ನ ತಪ್ಪಿರುವುದು. ನಮ್ಮ ವಾಚ್‌ಮನ್ ನಾರಾಯಣಪೇಟೆಯ ಕಡೆಯವನು. ಗಡಿಯವನಾದ್ದರಿಂದ ಅವನಿಗೆ ತೆಲುಗಿನಷ್ಟೇ ಕನ್ನಡವೂ ಬರುತ್ತದೆ. ಆ ಸಲಿಗೆಯಿಂದ ನನ್ನೊಡನೆ ಸುಖದುಃಖ ಮಾತಾಡುವವನು. ಬೆಳಗಿನ ಜಾವ ಯಾರದೋ ಸೈಕಲ್ ಎರವಲು ಪಡೆದು ಮನೆಮನೆಗೆ ಹಾಲಿನ ಪ್ಯಾಕೆಟ್ ಹಾಕಿ ಬರುತ್ತಾನೆ. ಆ ಸೈಕಲ್ಲಿನ ಮೇಲೆ ಅವನ ಕಣ್ಣಿರುವುದನ್ನು ಒಂದು ತಿಂಗಳ ಹಿಂದೆಯೇ ನನಗೆ ಹೇಳಿದ್ದ. ನಾನು ಅದನ್ನು ಮರೆತಿರಲಿಲ್ಲ. ಮರೆಯದೆ ಇದ್ದುದರಿಂದಲೇ ಬೆಳಗಾಗುವವರೆಗೆ ಕಾಯಲಿಲ್ಲ.

ಮರುದಿನ ಹುಡುಗ ಸೈಕಲ್ ತೊಳೆಯುತ್ತಿದ್ದಾಗ ವಾಚ್‌ಮನ್ ಬಂದು ನಿಂತ. “ಚೀಟಿ ಎತ್ತಿದ ಮ್ಯಾಲ ದಸರಾಕ್ಕ ಇದನ್ನ ತಗೋಬೇಕಂತ ಮಾಡಿದ್ದೆ ಸರ್. ಇರಲಿ ಬಿಡ್ರಿ,” ಎಂದು ಗೇಟಿನ ಕಡೆಗೆ ಹೋದ. ಬೈದಿದ್ದರೆ ನಾನು ತಿರುಗಿ ಏನಾದರೂ ಹೇಳುತ್ತಿದ್ದೆ. ಆ “ಇರಲಿ ಬಿಡ್ರಿ” ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹುಡುಗ ಮೇಲೆ ಬಂದು, “ಮಾಮಾ, ನಿಮಗೆ ಇದು ಮೊದಲೇ ಗೊತ್ತಿತ್ತಾ?” ಎಂದು ಕೇಳಿದ. ಗೊತ್ತಿತ್ತೆಂದೆ, ಒಡನೆಯೇ ವಾದಕ್ಕೂ ಇಳಿದೆ. ಆಸೆಪಟ್ಟ ಮಾತ್ರಕ್ಕೆ ವಸ್ತು ಅವನದಾಯಿತೆ? ಅವನು ಮುಂಗಡ ಕೊಟ್ಟಿದ್ದನೆ? ಮಾರುವವರು ಒಪ್ಪಿ ಮಾರಿದರು, ನಾವು ಕೇಳಿದ ಬೆಲೆ ಕೊಟ್ಟೆವು, ಇದರಲ್ಲಿ ಅನ್ಯಾಯವೆಲ್ಲಿ? ನೀನೂ ಬಡ ವಿದ್ಯಾರ್ಥಿಯೇ ಅಲ್ಲವೆ?

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಹತ್ತಿರ ದುಡ್ಡು ಕಡಿಮೆ ಇದೆ ಮಾಮಾ, ಆದರೆ ನಾನು ಬಡವ ಅಲ್ಲ. ಸೈಕಲ್ ಸಿಗದಿದ್ದರೆ ನಾನು ಬಸ್ಸಿನಲ್ಲಿ ಊರಿಗೆ ಹೋಗುತ್ತೇನೆ. ಅವನು ಹಾಲಿನ ಪ್ಯಾಕೆಟ್ ಹೊತ್ತು ನಡೆಯಬೇಕಾಗುತ್ತದೆ,” ಎಂದ.

ಈ ಭೇದವನ್ನು ನಾನು ಅರವತ್ತು ವರ್ಷ ದಾಟಿದರೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ತಾನೇ ಗೆರೆ ಎಳೆದುಕೊಂಡು ‘ಇಷ್ಟರೊಳಗೇ ಮುಗಿಸುತ್ತೇನೆ’ ಎನ್ನುವವನ ಮಿತವ್ಯಯ ಬೇರೆ. ಬೇರೆಯವರು ಎಳೆದ ಗೆರೆಯೊಳಗೆ ಹುಟ್ಟಿದವನ ಮಿತವ್ಯಯ ಬೇರೆ. ಮೊದಲನೆಯದರಲ್ಲಿ ಸಾಹಸದ ಸುಖವುಂಟು, ಹೇಳಿಕೊಳ್ಳಲು ಕಥೆಯುಂಟು. ಎರಡನೆಯದರಲ್ಲಿ ನಾಳೆ ಬೆಳಿಗ್ಗೆ ಐದು ಗಂಟೆಯುಂಟು. ಇಬ್ಬರೂ ಒಂದೇ ಹಳೆಯ ವಸ್ತುವಿಗೆ ಕೈಚಾಚಿದಾಗ ಸಂತೆಯ ನ್ಯಾಯ ಮುಂಗಡ ಕೊಟ್ಟವನ ಪರವಾಗಿರುತ್ತದೆ. ಅದು ಸುಳ್ಳು ನ್ಯಾಯವಲ್ಲ, ಆದರೆ ಪೂರ್ತಿ ನ್ಯಾಯವೂ ಅಲ್ಲ. ಗಾಂಧೀಜಿ 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮವಾಸಿಗಳಿಗೆ ಬರೆದ ಪತ್ರಗಳಲ್ಲಿ ಅಸ್ತೇಯದ ಅರ್ಥವನ್ನು ಹಿಗ್ಗಿಸಿದ್ದಾರೆ. ನನಗೆ ಅಗತ್ಯವಿಲ್ಲದ್ದನ್ನು, ಕೊಟ್ಟವರ ಒಪ್ಪಿಗೆಯಿಂದಲೇ ಪಡೆದರೂ, ಅದೂ ಒಂದು ಬಗೆಯ ಕಳವೇ ಎಂಬುದು ಅವರ ನಿಲುವು. ಎರ್ರಗಡ್ಡದಲ್ಲಿ ಕಳವಿನ ಮಾಲನ್ನು ಬಿಟ್ಟು ಬಂದೆನೆಂದುಕೊಂಡಿದ್ದ ನಾನು ಸೆಲ್ಲಾರಿನಲ್ಲಿ ಮಾಡಿದ್ದೇನು?

ಹಾಗಾದರೆ ಅನುಕೂಲಸ್ಥರು ಹಳೆಯ ವಸ್ತುವನ್ನು ಕೊಳ್ಳಲೇಬಾರದೆ? ಹಾಗೆಂದರೆ ಅದೂ ಅತಿರೇಕವೇ. ಕೊಳ್ಳುವವರಿಲ್ಲದಿದ್ದರೆ ಸೆಲ್ಲಾರಿನ ಸೈಕಲ್ಲುಗಳು ತುಕ್ಕು ಹಿಡಿಯುತ್ತವೆ. ಕಷ್ಟಕ್ಕೆ ಸೈಕಲ್ ಮಾರುವ ಬಡವನಿಗೂ ಬೆಲೆ ಸಿಗದು. ಎಲ್ಲಿಯೋ ಇರುವ, ಮುಖ ಕಾಣದ ಇನ್ನೊಬ್ಬನಿಗಾಗಿ ಎಲ್ಲವನ್ನೂ ಬಿಡುತ್ತ ಹೋದರೆ ಸಂಸಾರ ನಡೆಯದು. ಆದರೆ ಮುಖ ಕಂಡ ಮೇಲೆ ಕಾಣಲಿಲ್ಲವೆನ್ನಲಾಗದು. ನನ್ನ ತಪ್ಪು ಹಳೆಯ ಸೈಕಲ್ ಕೊಂಡದ್ದಲ್ಲ, ಕಾಯುತ್ತಿದ್ದವನು ಯಾರೆಂದು ತಿಳಿದೂ ಕತ್ತಲಲ್ಲಿ ಕೊಂಡದ್ದು.

ಹುಡುಗ ಸೈಕಲ್ಲನ್ನು ಹಿಂದಿರುಗಿಸಿದ. ಮೂರನೆಯ ಮಹಡಿಯವರು ನಕ್ಕು, ದಸರಾವರೆಗೆ ಕಾಯಲು ಒಪ್ಪಿದರು. ಹಣ ನಾನೇ ಕೊಡುತ್ತೇನೆಂದು ಹೊರಟಾಗ ನನ್ನ ಹೆಂಡತಿ ತಡೆದಳು: “ಅವನು ಭಿಕ್ಷೆ ಕೇಳಿದನೇನ್ರಿ? ಅವನ ಸರದಿ ಅವನಿಗೆ ಬಿಡಿ, ಸಾಕು.” ಅದೂ ನಿಜವೇ. ಕಸಿದುಕೊಂಡು ಅವಮಾನಿಸಿದವನು ದಾನ ಕೊಟ್ಟು ಮತ್ತೊಮ್ಮೆ ಅವಮಾನಿಸಬಾರದು. ಕಲ್ಯಾಣದ ಶರಣರು ಕಾಯಕ, ದಾಸೋಹಗಳನ್ನು ಜೊತೆಯಲ್ಲೇ ಇಟ್ಟದ್ದರ ಮರ್ಮ ನನಗೆ ಆಗ ಸ್ವಲ್ಪ ಹೊಳೆಯಿತು. ಚೀಟಿ ಎತ್ತಿದ ಹಣದಲ್ಲಿ ವಾಚ್‌ಮನ್ನೇ ಸೈಕಲ್ ಕೊಂಡ. ಹಿಂದೆ ಹಾಲಿನ ಟ್ರೇ ಕಟ್ಟಲು ಕ್ಯಾರಿಯರ್ ಹಾಕಿಸಿದ.

ನಮ್ಮ ಹುಡುಗ ಏಳು ಸಾವಿರದೊಳಗೆ ಗೇರಿಲ್ಲದ ಸಾದಾ ಕಪ್ಪು ಸೈಕಲ್ಲೊಂದನ್ನು ಹೊಸದಾಗಿ ಕೊಂಡ. ಉಳಿದ ಹಣಕ್ಕೆ ಎರಡು ಟ್ಯೂಬು, ಪಂಕ್ಚರ್ ಸಾಮಾನು, ಹಗ್ಗ, ಡೇರೆಯ ಬದಲಿಗೆ ಒಂದು ಟಾರ್ಪಾಲು. ಸದಾಶಿವಪೇಟೆಯ ಆಚೆ ಧಾಬಾವೊಂದರ ಹಗ್ಗದ ಮಂಚದ ಮೇಲೆ ಮಲಗಿ, ಏರು ಬಂದಲ್ಲಿ ಇಳಿದು ತಳ್ಳಿ, ಎರಡನೆಯ ದಿನ ಸಂಜೆ ಬೀದರ್ ಸೇರಿದ. ಹುಮನಾಬಾದಿನ ಹತ್ತಿರ ಮುರಿದ ಕಡ್ಡಿಯನ್ನು ರಸ್ತೆಬದಿಯ ರಿಪೇರಿಯವನು ಹತ್ತು ನಿಮಿಷದಲ್ಲಿ ಹಾಕಿಕೊಟ್ಟನಂತೆ. ಕಲಬುರ್ಗಿ ತಲುಪಿ ಫೋನು ಮಾಡಿದಾಗ ಅವನ ದನಿಯಲ್ಲಿ ಗೇರಿನ ಕೊರತೆ ಕೇಳಿಸಲಿಲ್ಲ.

ಕೊರತೆ ಉಳಿದದ್ದು ನನ್ನ ಲೆಕ್ಕದಲ್ಲಿ. ಮೊದಲು ವಾಚ್‌ಮನ್ ನನ್ನನ್ನು ನಿಲ್ಲಿಸಿ, “ಊರ ಕಡೆ ಮಳಿ ಹೆಂಗೈತ್ರಿ?” ಎಂದು ಕೇಳುತ್ತಿದ್ದ. ಈಗ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಮಳೆಯ ಮಾತನ್ನು ನಾನೇ ಎತ್ತಬೇಕು.